ಕಾಳಗದ ನಡುವೆ ಮಾಯವಾಗದೆ ಆಡುವುದು: ಬಾಹ್ಯಾಕಾಶದ ಆಟಗಳಿಗೆ ಬರುವ ಹೊಸಬರಿಗೆ ಕೈಪಿಡಿ

ಅಂತರಜಾಲದ ಬಾಹ್ಯಾಕಾಶ ಕಾಳಗದ ಆಟಗಳಲ್ಲಿ ನೌಕೆ ಇನ್ನೇನು ಸಿಡಿಯುತ್ತದೆ ಎನ್ನುವ ಹೊತ್ತಿಗೆ ರೂಟರಿನ ತಂತಿ ಕೀಳುವುದನ್ನು, ಟಾಸ್ಕ್ ಮ್ಯಾನೇಜರ್ ತೆರೆದು ಆಟವನ್ನೇ ಮುಚ್ಚಿಬಿಡುವುದನ್ನು, ಕಂಪ್ಯೂಟರಿನ ಪವರ್ ಬಟನ್ ಒತ್ತಿ ಹಿಡಿಯುವುದನ್ನು ಆಟಗಾರರು ಒಟ್ಟಾಗಿ ‘ಕಾಂಬ್ಯಾಟ್ ಲಾಗಿಂಗ್’ ಎಂದು ಕರೆಯುತ್ತಾರೆ. ಹತ್ತು ನಿಮಿಷ ಬೆನ್ನಟ್ಟಿ, ಶೀಲ್ಡ್ ಎಂಬ ರಕ್ಷಾಕವಚ ಇಳಿಸಿ, ಹಲ್ ಅಂದರೆ ನೌಕೆಯ ಒಡಲನ್ನು ಶೇಕಡಾ 10ಕ್ಕೆ ತಂದಿದ್ದ ನೌಕೆ ಎದುರಾಳಿಯ ಕಣ್ಣೆದುರಿಗೇ ಇಲ್ಲವಾಗುತ್ತದೆ. ಅವನ ಶ್ರಮಕ್ಕೆ ಗೆಲುವೂ ದಕ್ಕುವುದಿಲ್ಲ, ಸೋಲೂ ದಕ್ಕುವುದಿಲ್ಲ.

ಮೈಸೂರು, ಶ್ರೀರಂಗಪಟ್ಟಣ, ಮಂಡ್ಯಗಳ ಹತ್ತು ಹನ್ನೆರಡು ಮಂದಿ ಸೇರಿ ಭಾನುವಾರ ರಾತ್ರಿ ‘ಎಲೀಟ್ ಡೇಂಜರಸ್’ ಆಡುವ ಬಳಗವೊಂದರಲ್ಲಿ ನಾನು ಕೆಲವು ವರ್ಷಗಳಿಂದ ಇದ್ದೇನೆ. ಹೊಸಬರು ಬಂದಾಗ ಬಂದೂಕು ಹಿಡಿಯುವುದಕ್ಕಿಂತ ಮೊದಲು ಕಾಳಗದಿಂದ ಹೊರಬರುವುದನ್ನು ಕಲಿಸುವ ರೂಢಿಯನ್ನು ನಾವು ಇಟ್ಟುಕೊಂಡಿದ್ದೇವೆ. ಸೋಲುತ್ತಿರುವವನು ಓಡುವುದು ಈ ಆಟಗಳಲ್ಲಿ ಪೂರ್ತಿ ನ್ಯಾಯವಾದ ನಡೆ. ಆದರೆ ಆ ಓಟ ಆಟದೊಳಗಿನ ದಾರಿಯಲ್ಲೇ, ಎದುರಾಳಿಗೆ ತಡೆಯಲು ಅವಕಾಶವಿರುವಂತೆಯೇ ನಡೆಯಬೇಕು. ಹಾಗೆ ಓಡುವುದು ಹೇಗೆ, ಓಡಲು ಆಗದಿದ್ದರೆ ಏನು ಮಾಡಬೇಕು, ತನ್ನ ತಪ್ಪಿಲ್ಲದೆ ಸಂಪರ್ಕ ಕಡಿದರೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಓಟಕ್ಕೂ ಒಂದು ಬೆಲೆಯಿರಬೇಕು ಎಂಬ ತಿಳಿವಳಿಕೆ ಈ ಆಟಗಳಷ್ಟೇ ಹಳೆಯದು. 1962ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಕಂಪ್ಯೂಟರಿಗೆ ಬರೆದ ‘ಸ್ಪೇಸ್‌ವಾರ್’ ಆಟದಲ್ಲಿ ಇಬ್ಬರು ಎರಡು ನೌಕೆಗಳನ್ನು ನಡೆಸಿ, ನಡುವಿನ ನಕ್ಷತ್ರದ ಸೆಳೆತವನ್ನು ಸಂಭಾಳಿಸಿಕೊಂಡು, ಒಬ್ಬರ ಮೇಲೊಬ್ಬರು ಟಾರ್ಪಿಡೊ ಹಾರಿಸುತ್ತಿದ್ದರು. ಬೇರೆ ದಾರಿಯೇ ಇಲ್ಲದಾಗ ಒತ್ತಲೆಂದು ಅದರಲ್ಲಿ ಹೈಪರ್‌ಸ್ಪೇಸ್ ಎಂಬ ಉಪಾಯವಿತ್ತು. ಅದನ್ನು ಬಳಸಿದರೆ ನೌಕೆ ಮಾಯವಾಗಿ ಪರದೆಯ ಮೇಲೆ ಎಲ್ಲೋ ಒಂದು ಕಡೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಬಳಸಿದಷ್ಟೂ ಸಲ, ಹಿಂತಿರುಗುವಾಗ ತಾನೇ ಸಿಡಿದುಹೋಗುವ ಸಂಭವ ಹೆಚ್ಚುತ್ತಿತ್ತು. ಜೀವ ಉಳಿಸಿಕೊಳ್ಳುವ ದಾರಿಯೂ ಅಲ್ಲಿತ್ತು, ಅದಕ್ಕೆ ತೆರಬೇಕಾದ ಬೆಲೆಯೂ ಅಲ್ಲೇ ಇತ್ತು. ಪ್ಲಗ್ ಕೀಳುವವನು ಈ ಎರಡನೆಯದನ್ನು ತೆರದೆ ಮೊದಲನೆಯದನ್ನು ಮಾತ್ರ ತೆಗೆದುಕೊಳ್ಳುತ್ತಾನೆ.

ನಮ್ಮ ಮೈಸೂರಿನವರಿಗೆ ಇದನ್ನು ಗರಡಿಮನೆಯ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ರಕ್ತ ಕಾಣಿಸಿದೊಡನೆ ನಿಲ್ಲುತ್ತದೆ. ಎರಡರಲ್ಲೂ ಕಾಳಗ ಎಲ್ಲಿ ಮುಗಿಯುತ್ತದೆ ಎಂಬುದು ಇಬ್ಬರಿಗೂ, ನೋಡುವವರಿಗೂ ಮೊದಲೇ ಗೊತ್ತು. ಪೈಲ್ವಾನನೊಬ್ಬ ನಡುವೆಯೇ ಮಟ್ಟಿಯಿಂದೆದ್ದು ಮನೆಗೆ ನಡೆದುಬಿಟ್ಟರೆ ಅವನು ಸೋತನೆಂದೇ ಲೆಕ್ಕ. ಬಾಹ್ಯಾಕಾಶದ ಕೆಲವು ಆಟಗಳಲ್ಲಿ ಹಾಗೆ ಎದ್ದು ಹೋದವನು ಏನನ್ನೂ ಕಳೆದುಕೊಳ್ಳುವುದಿಲ್ಲ ಎಂಬುದೇ ತೊಡಕು.

ನೌಕೆ ಯಾರ ಬಳಿ ಇದೆ ಎಂಬುದನ್ನು ಮೊದಲು ತಿಳಿಯಿರಿ

ಎಲ್ಲ ಆಟಗಳಲ್ಲೂ ತಂತಿ ಕಿತ್ತವನು ಪಾರಾಗುವುದಿಲ್ಲ. ಅದು ಆಟದ ಜಾಲ ಹೇಗೆ ಹೆಣೆದಿದೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಯಾವುದೇ ಹೊಸ ಆಟಕ್ಕೆ ಕೈಹಾಕಿದಾಗ ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ, ನನ್ನ ಕಂಪ್ಯೂಟರ್ ಸುಮ್ಮನಾದರೆ ನನ್ನ ನೌಕೆ ಏನಾಗುತ್ತದೆ ಎಂಬುದು.

ಐಸ್‌ಲೆಂಡಿನ ಸಿಸಿಪಿ ಗೇಮ್ಸ್ 2003ರ ಮೇ ತಿಂಗಳಲ್ಲಿ ಹೊರತಂದ ‘ಈವ್ ಆನ್‌ಲೈನ್’ ಆಟದಲ್ಲಿ ನೌಕೆ ಇರುವುದು ಕಂಪನಿಯ ಸರ್ವರಿನಲ್ಲಿ. ನಿಮ್ಮ ಮನೆಯ ಕಂಪ್ಯೂಟರ್ ಆ ನೌಕೆಗೆ ಆಜ್ಞೆ ಕಳಿಸುವ ಚುಕ್ಕಾಣಿ ಮಾತ್ರ. ಸಂಪರ್ಕ ಕಡಿದರೆ ನೌಕೆ ತಾನಾಗಿ ದೂರದ ಒಂದು ಬಿಂದುವಿಗೆ ವಾರ್ಪ್ ಮಾಡಲು, ಅಂದರೆ ಅತಿವೇಗದಲ್ಲಿ ಸಾಗಿಹೋಗಲು, ಯತ್ನಿಸುತ್ತದೆ. ಎದುರಾಳಿ ವಾರ್ಪ್ ತಡೆಯುವ ಯಂತ್ರವನ್ನು ನಿಮ್ಮ ಮೇಲೆ ಹಿಡಿದಿದ್ದರೆ ಅದೂ ಆಗದೆ ಅಲ್ಲಿಯೇ ನಿಲ್ಲುತ್ತದೆ. ಮತ್ತೊಬ್ಬ ಆಟಗಾರನೊಡನೆ ಕಾಳಗಕ್ಕಿಳಿದ ನೌಕೆ, ನೀವು ಲಾಗ್ ಆಫ್ ಆದ ಮೇಲೂ, ಆ ಕಾಳಗದ 15 ನಿಮಿಷದ ಗಡಿಯಾರ ಮುಗಿಯುವವರೆಗೆ ಬಾಹ್ಯಾಕಾಶದಲ್ಲೇ ಇರುತ್ತದೆ. ಒಡೆಯನಿಲ್ಲದ ಆ ನೌಕೆಯನ್ನು ಎದುರಾಳಿ ನಿಧಾನವಾಗಿ ಒಡೆದು ಹಾಕಬಹುದು. ಶಾಂತವಾಗಿ ಹೊರಹೋಗಲು ಬಯಸುವವರಿಗೆ ‘ಸೇಫ್ ಲಾಗ್ ಆಫ್’ ಎಂಬ 30 ಸೆಕೆಂಡಿನ ಕ್ರಮವಿದ್ದು, ಕಾಳಗದ ಗಡಿಯಾರ ಓಡುತ್ತಿರುವಾಗ ಅದು ಸಿಗುವುದಿಲ್ಲ. ಹೀಗಾಗಿ ಈವ್‌ನಲ್ಲಿ ಪ್ಲಗ್ ಕೀಳುವುದು ಹೆಚ್ಚಿನ ಸಲ ಕೀಳುವವನಿಗೇ ನಷ್ಟ.

ಬ್ರಿಟನ್ನಿನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ 2014ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ಎಲೀಟ್ ಡೇಂಜರಸ್‌ನ ಬಗೆ ಬೇರೆ. ನಮ್ಮ ಕ್ಷೀರಪಥವನ್ನು ಅದರ ಪೂರ್ಣ ಗಾತ್ರದಲ್ಲಿ, ಸುಮಾರು 40,000 ಕೋಟಿ ನಕ್ಷತ್ರ ಮಂಡಲಗಳೊಡನೆ ಕಟ್ಟಿರುವ ಈ ಆಟದಲ್ಲಿ ನಿಮ್ಮ ಹಣ, ಸರಕು, ಸ್ಥಾನಗಳ ಲೆಕ್ಕವನ್ನು ಕಂಪನಿಯ ಸರ್ವರ್ ಇಟ್ಟುಕೊಂಡಿದ್ದರೂ, ಒಂದೆಡೆ ಸೇರಿದ ಆಟಗಾರರ ನೌಕೆಗಳ ಚಲನೆಯನ್ನು ಆ ಆಟಗಾರರ ಕಂಪ್ಯೂಟರುಗಳು ತಮ್ಮತಮ್ಮಲ್ಲೇ ನೇರವಾಗಿ ಹಂಚಿಕೊಳ್ಳುತ್ತವೆ. ಹಾಗೆ ಸೇರಿದ ಗುಂಪಿಗೆ ‘ಇನ್‌ಸ್ಟನ್ಸ್’ ಎನ್ನುತ್ತಾರೆ. ಇಲ್ಲಿ ನೌಕೆ ನಿಜವಾಗಿ ಬದುಕಿರುವುದು ನಿಮ್ಮ ಮನೆಯ ಮೇಜಿನ ಮೇಲೆ. ನಿಮ್ಮ ಕಂಪ್ಯೂಟರ್ ಸುಮ್ಮನಾದರೆ ಉಳಿದವರ ಪರದೆಯಿಂದ ನೌಕೆ ಅಳಿಸಿಹೋಗುತ್ತದೆ. ತಂತಿಯನ್ನು ಬೇಕೆಂದು ಕಿತ್ತರೂ, ಕರೆಂಟು ಹೋದರೂ ಆಚೆಯವನಿಗೆ ಕಾಣುವುದು ಒಂದೇ ಮೌನ. ಒಂದು ಸಲದ ಮೌನದಿಂದ ಯಾವ ಯಂತ್ರವೂ ಮನಸ್ಸನ್ನು ಓದಲಾರದು. ಹಲ್ ಇಳಿದಾಗಲೆಲ್ಲ ಸಂಪರ್ಕ ಕಡಿಯುವ ಒಂದೇ ಖಾತೆಯ ಪುನರಾವರ್ತನೆಯಿಂದ ಮಾತ್ರ ಸಂಶಯ ಗಟ್ಟಿಯಾಗುತ್ತದೆ. ಈ ಕಾರಣಕ್ಕಾಗಿಯೇ ಎಲೀಟ್‌ನಂಥ ಆಟದಲ್ಲಿ ನ್ಯಾಯ ಹೆಚ್ಚಾಗಿ ಆಟಗಾರನ ಕೈಯಲ್ಲೇ ಉಳಿದಿದೆ.

ಗೆರೆ ಎಲ್ಲಿದೆ ಎಂಬುದನ್ನು ಕಂಪನಿ ಸ್ಪಷ್ಟವಾಗಿ ಹೇಳಿದೆ. ಅಪಾಯದಲ್ಲಿರುವಾಗ ಮೆನುವಿನ ಮೂಲಕ ಹೊರಹೋಗಲು ಒತ್ತಿದರೆ 15 ಸೆಕೆಂಡುಗಳ ಗಡಿಯಾರ ಓಡುತ್ತದೆ. ಅಷ್ಟು ಹೊತ್ತೂ ನೌಕೆ ಗುಂಡಿಗೆ ಒಡ್ಡಿಕೊಂಡಿರುತ್ತದೆ. ಅದು ಮುಗಿಯುವವರೆಗೆ ಬದುಕುಳಿದರೆ ಆ ನಿರ್ಗಮನ ನಿಯಮಕ್ಕೆ ಒಳಪಟ್ಟದ್ದು. ಆ ಗಡಿಯಾರವನ್ನು ತಪ್ಪಿಸಲು ಆಟವನ್ನು ಬಲವಂತವಾಗಿ ಮುಚ್ಚುವುದು ನಿಯಮ ಮೀರಿದ್ದು. ಮೆನುವಿನಿಂದ ಹೋಗುವವರನ್ನೂ ಹೇಡಿಗಳೆಂದು ಜರೆಯುವ ಹಳಬರನ್ನು ನೀವು ಕಾಣುತ್ತೀರಿ. ಕಾಳಗವನ್ನು ಹಾಗೆ ಮುಗಿಸುವುದು ನನಗೂ ಇಷ್ಟವಿಲ್ಲ, ನಮ್ಮ ಬಳಗದಲ್ಲಿ ನಾವು ಹಾಗೆ ಮಾಡುವುದೂ ಇಲ್ಲ. ಆದರೆ ನಿಯಮ ಒಪ್ಪಿದ್ದನ್ನು ಮೋಸವೆಂದು ಕರೆದರೆ ನಿಜವಾದ ಮೋಸವನ್ನು ಕರೆಯಲು ಮಾತು ಉಳಿಯುವುದಿಲ್ಲ.

ಹೊರಡುವ ಮುನ್ನ

ಎಲೀಟ್‌ಗೆ ಮೂರು ಬಾಗಿಲುಗಳಿವೆ. ‘ಓಪನ್’ ಎಂಬಲ್ಲಿ ಯಾರು ಬೇಕಾದರೂ ಎದುರಾಗಬಹುದು, ‘ಪ್ರೈವೇಟ್ ಗ್ರೂಪ್’ನಲ್ಲಿ ನೀವು ಸೇರಿಕೊಂಡ ಗುಂಪಿನವರು ಮಾತ್ರ ಇರುತ್ತಾರೆ, ‘ಸೋಲೋ’ದಲ್ಲಿ ಬೇರೆ ಆಟಗಾರರೇ ಇರುವುದಿಲ್ಲ. ಮೂರರಲ್ಲೂ ನಿಮ್ಮ ನೌಕೆ, ಹಣ, ಪ್ರಗತಿ ಒಂದೇ. ದಿನದ ಕೆಲಸ ಮುಗಿಸಿ, ಯಾರ ಕಾಟವೂ ಇಲ್ಲದೆ ಒಂದು ಗಂಟೆ ಸರಕು ಸಾಗಿಸುತ್ತೇನೆ ಎನ್ನುವವರು ಸೋಲೋದಲ್ಲಿ ಆಡುವುದರಲ್ಲಿ ಯಾವ ಕುಂದೂ ಇಲ್ಲ. ಓಪನ್‌ಗೆ ಹೋಗಿ, ಎದುರಾದವನು ಗುಂಡು ಹಾರಿಸಿದಾಗ ‘ನಾನು ಕಾಳಗಕ್ಕೆ ಒಪ್ಪಿರಲಿಲ್ಲ’ ಎನ್ನುತ್ತಾ ತಂತಿಗೆ ಕೈ ಹಾಕುವುದು ಮಾತ್ರ ಸರಿಯಲ್ಲ. ಆ ಬಾಗಿಲನ್ನು ಆರಿಸಿದಾಗಲೇ ಒಪ್ಪಿಗೆ ಕೊಟ್ಟಂತಾಗಿದೆ.

ಹಾಗೆಯೇ ಸಮಯವನ್ನು ನೋಡಿಕೊಳ್ಳಿ. ಇನ್ನು ಹತ್ತು ನಿಮಿಷದಲ್ಲಿ ಊಟಕ್ಕೆ ಕರೆಯುತ್ತಾರೆ ಎಂಬುದು ಗೊತ್ತಿದ್ದರೆ ಓಪನ್‌ಗೆ ಹೋಗಬೇಡಿ. ಮನೆಯಲ್ಲಿ ಮೊದಲೇ ಹೇಳಿಡುವುದು ಚಿಕ್ಕ ಕೆಲಸ. ‘ಅಮ್ಮಾ, ಒಂಬತ್ತೂವರೆವರೆಗೆ ಕರೀಬೇಡಿ, ಆಮೇಲೆ ನಾನೇ ಬರ್ತೀನಿ’ ಎಂದು ಹೇಳಿ ಆ ಮಾತನ್ನು ಉಳಿಸಿಕೊಳ್ಳುವ ಹುಡುಗರಿಗೆ ಮನೆಯವರೂ ಸಹಕರಿಸುತ್ತಾರೆ ಎಂಬುದನ್ನು ನಾನು ಕಂಡಿದ್ದೇನೆ.

ಪ್ಲಗ್ ಕೀಳುವವರಲ್ಲಿ ಹೆಚ್ಚಿನವರು ದುರುಳರಲ್ಲ, ಕಳೆದುಕೊಳ್ಳಲಾಗದ್ದನ್ನು ಪಣಕ್ಕಿಟ್ಟವರು ಎಂಬುದು ನನ್ನ ಅನುಭವ. ಎಲೀಟ್‌ನಲ್ಲಿ ನೌಕೆ ಸಿಡಿದರೆ ಅದನ್ನು ಮರಳಿ ಪಡೆಯಲು ಅದರ ಬೆಲೆಯ ಶೇಕಡಾ 5ರಷ್ಟು ‘ರೀಬೈ’ ತೆರಬೇಕು. 10 ಕೋಟಿ ಕ್ರೆಡಿಟ್ ಬೆಲೆಯ ನೌಕೆಗೆ 50 ಲಕ್ಷ. ಇದ್ದ ಹಣವನ್ನೆಲ್ಲ ಸುರಿದು ದೊಡ್ಡ ನೌಕೆ ಕೊಂಡು, ಕೈಯಲ್ಲಿ 2 ಲಕ್ಷ ಉಳಿಸಿಕೊಂಡು ಹೊರಟವನ ಎದುರು ಬಲಿಷ್ಠನೊಬ್ಬ ಬಂದು ನಿಂತರೆ ಅವನ ಕೈ ತಂತಿಯ ಕಡೆಗೆ ಹೋಗುವುದು ಬಹುಮಟ್ಟಿಗೆ ಖಚಿತ. ಕನಿಷ್ಠ ಮೂರು ರೀಬೈಗಳಷ್ಟು ಹಣ ಖಾತೆಯಲ್ಲಿ ಸೇರುವವರೆಗೆ ಆ ನೌಕೆಯನ್ನು ಓಪನ್‌ಗೆ ತರಬಾರದು ಎಂದು ನಾವು ಹೊಸಬರಿಗೆ ಕಟ್ಟುನಿಟ್ಟಾಗಿ ಹೇಳುತ್ತೇವೆ. ಸರಕಿಗೂ, ಮಾರದೆ ಉಳಿಸಿಕೊಂಡ ಅನ್ವೇಷಣೆಯ ಮಾಹಿತಿಗೂ ಈ ವಿಮೆ ಅನ್ವಯಿಸುವುದಿಲ್ಲವಾದ್ದರಿಂದ, ತಿಂಗಳುಗಟ್ಟಲೆ ದೂರದ ನಕ್ಷತ್ರಗಳನ್ನು ಅಳೆದು ಬಂದವರು ಮಾಹಿತಿ ಮಾರುವವರೆಗೆ ಸೋಲೋದಲ್ಲೇ ಇರಲಿ. ಈವ್‌ನಲ್ಲಿ ಒಡೆದ ನೌಕೆ ಒಡೆದೇಹೋಯಿತು; ವಿಮೆ ಒಂದಿಷ್ಟು ಹಣ ಕೊಡುತ್ತದೆ, ಅಷ್ಟೇ. ಕಳೆದುಕೊಂಡರೆ ತಾಳಲಾಗದ ನೌಕೆಯನ್ನು ಹಾರಿಸಬೇಡ ಎಂಬುದು ಅಲ್ಲಿ ಪ್ರತಿಯೊಬ್ಬ ಹೊಸಬನ ಕಿವಿಗೂ ಬೀಳುವ ಮಾತು.

ಆಟದೊಳಗೇ ಓಡುವುದು

ಓಡುವುದು ಒಂದು ವಿದ್ಯೆ. ಅದನ್ನು ಕಲಿತವನಿಗೆ ಪ್ಲಗ್ಗಿನ ನೆನಪೇ ಆಗುವುದಿಲ್ಲ. ಎಲೀಟ್‌ನಲ್ಲಿ ಸೂಪರ್‌ಕ್ರೂಸ್ ಎಂಬ ಅತಿವೇಗದಲ್ಲಿ ಸಾಗುತ್ತಿರುವ ನಿಮ್ಮನ್ನು ಮತ್ತೊಬ್ಬ ಹಿಡಿದೆಳೆದು ಸಾಮಾನ್ಯ ವೇಗಕ್ಕೆ ಇಳಿಸುವುದಕ್ಕೆ ‘ಇಂಟರ್‌ಡಿಕ್ಷನ್’ ಎನ್ನುತ್ತಾರೆ. ಆ ಎಳೆದಾಟದಲ್ಲಿ ನುರಿತ ಆಟಗಾರನ ಎದುರು ಹೊಸಬ ಗೆಲ್ಲುವುದು ವಿರಳ. ಸೆಣಸಿ ಸೋತರೆ ನೌಕೆ ಗಿರಕಿ ಹೊಡೆಯುತ್ತ, ಪೆಟ್ಟು ತಿಂದು ಹೊರಬೀಳುತ್ತದೆ, ಮತ್ತೆ ಜಂಪ್ ಮಾಡುವ ಯಂತ್ರ ತಣಿಯಲು ಬಹಳ ಹೊತ್ತು ಬೇಕಾಗುತ್ತದೆ. ಆದ್ದರಿಂದ ಎದುರಾಳಿ ಬಲಿಷ್ಠನೆಂದು ಕಂಡರೆ ವೇಗವನ್ನು ಸೊನ್ನೆಗೆ ತಂದು ಎಳೆತಕ್ಕೆ ತಾವಾಗಿಯೇ ಒಪ್ಪಿಬಿಡಿ. ನೌಕೆ ನೆಟ್ಟಗೆ ಹೊರಬರುತ್ತದೆ, ಯಂತ್ರವೂ ಬೇಗ ಸಿದ್ಧವಾಗುತ್ತದೆ.

ಹೊರಬಿದ್ದ ಕೂಡಲೇ ಶಕ್ತಿಯ ನಾಲ್ಕು ಪಿಪ್‌ಗಳನ್ನು (ನೌಕೆಯ ಶಕ್ತಿಯನ್ನು ಹಂಚುವ ಚುಕ್ಕಿಗಳನ್ನು) ಶೀಲ್ಡಿನ ಕಡೆಗೆ ಹಾಕಿ. ಆಗ ಅದೇ ಶೀಲ್ಡ್ ಹೆಚ್ಚು ಹೊಡೆತ ತಾಳುತ್ತದೆ. ಎದುರಾಳಿಯಿಂದ ದೂರಕ್ಕೆ ನೇರವಾಗಿ ಓಡಿದರೆ ಅವನ ಬಂದೂಕುಗಳಿಗೆ ನಿಮ್ಮ ಬೆನ್ನನ್ನೇ ಕೊಟ್ಟಂತೆ. ಅವನ ಕಡೆಗೇ ಬೂಸ್ಟ್ ಮಾಡಿ, ಅಂದರೆ ಒಮ್ಮೆಗೇ ವೇಗ ಹೆಚ್ಚಿಸಿ, ಪಕ್ಕದಿಂದ ಹಾದುಹೋಗಿ. ಅವನು ನೌಕೆ ತಿರುಗಿಸಿ ಮತ್ತೆ ಗುರಿ ಹಿಡಿಯುವಷ್ಟರಲ್ಲಿ ನಿಮಗೆ ಕೆಲವು ಅಮೂಲ್ಯ ಸೆಕೆಂಡುಗಳು ಸಿಗುತ್ತವೆ. ಅವನ ಬಂದೂಕುಗಳು ತಾವಾಗಿಯೇ ಗುರಿಯನ್ನು ಹಿಂಬಾಲಿಸುವ ಜಾತಿಯವಾಗಿದ್ದರೆ ‘ಚ್ಯಾಫ್’ ಎಂಬ, ಗುರಿ ತಪ್ಪಿಸುವ ಚೂರುಗಳನ್ನು ಎರಚಿದಾಗ ದಿಕ್ಕು ತಪ್ಪುತ್ತವೆ. ಕೈಯಿಂದಲೇ ಗುರಿಯಿಡುವ, ಸ್ಥಿರವಾಗಿ ಕೂರಿಸಿದ ಬಂದೂಕುಗಳ ಮೇಲೆ ಚ್ಯಾಫ್ ಪರಿಣಾಮ ಬೀರುವುದಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಹತ್ತಿರದಲ್ಲಿ ನಿಮಗಿಂತ ಭಾರವಾದ ನೌಕೆಯಿದ್ದರೆ ‘ಮಾಸ್ ಲಾಕ್’ ಉಂಟಾಗಿ, ಅದೇ ಮಂಡಲದೊಳಗೆ ಸೂಪರ್‌ಕ್ರೂಸ್‌ಗೆ ಮರಳುವ ಯಂತ್ರ ಬಹಳ ನಿಧಾನವಾಗಿ ತುಂಬಿಕೊಳ್ಳುತ್ತದೆ. ಬೇರೆ ನಕ್ಷತ್ರ ಮಂಡಲಕ್ಕೆ ಹೈಪರ್‌ಸ್ಪೇಸ್ ಜಂಪ್ ಮಾಡುವುದಾದರೆ ಎದುರಾಳಿಯ ನೌಕೆಯ ಭಾರ ಅಡ್ಡಿಯಾಗುವುದಿಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ ಸಾವಿರಾರು ನೌಕೆಗಳು ಸಿಡಿದಿರಬೇಕು ಎಂದು ನನಗನ್ನಿಸುತ್ತದೆ. ನಮ್ಮ ಬಳಗಕ್ಕೆ ಬಂದ ಪ್ರತಿಯೊಬ್ಬ ಹೊಸಬನೂ ಮೊದಲ ವಾರ ಇದೇ ತಪ್ಪನ್ನು ಮಾಡಿದ್ದಾನೆ. ಜಂಪ್‌ಗೆ ನೌಕೆಯ ಮೂಗು ಗುರಿಯ ನಕ್ಷತ್ರದ ಕಡೆಗೇ ಇರಬೇಕಾದ್ದರಿಂದ, ಎಲ್ಲಿಗೇ ಹೊರಟರೂ ಪಕ್ಕದ ಒಂದು ಮಂಡಲವನ್ನು ಮೊದಲೇ ಗುರುತಿಸಿಟ್ಟುಕೊಂಡು ಸಾಗಿ. ನೀವು ಜಂಪ್ ಮಾಡಿದ ಜಾಗದಲ್ಲಿ ಒಂದು ಜಾಡು ಉಳಿಯುತ್ತದೆ. ಅದನ್ನು ಓದುವ ಸ್ಕ್ಯಾನರ್ ಇರುವ ಬೇಟೆಗಾರ ಬೆನ್ನಟ್ಟಿ ಬರಬಲ್ಲ. ಅವನಿಗೆ ಆ ಅವಕಾಶವಿದೆ ಎಂಬುದರಿಂದಲೇ ಈ ಓಟ ನ್ಯಾಯವಾದದ್ದು.

ಸರಕು ಸಾಗಿಸುವವರಿಗೆ ಎರಡು ಮಾತು. ಇನ್ನಷ್ಟು ಸರಕು ಹಿಡಿಸಲೆಂದು ಶೀಲ್ಡ್ ಕಿತ್ತುಹಾಕಿ ಓಪನ್‌ನಲ್ಲಿ ಓಡಾಡಬೇಡಿ. ಎದುರಾಳಿ ದರೋಡೆಕೋರನಾಗಿದ್ದು ಸರಕು ಕೇಳಿದರೆ, ಒಂದಿಷ್ಟನ್ನು ಹೊರಗೆಸೆದು ಮಾತಾಡಿ ನೋಡಿ. ಸುಂಕ ಕೊಟ್ಟು ದಾಟಿಹೋಗುವುದೂ ಕಾಳಗವನ್ನು ಮರ್ಯಾದೆಯಿಂದ ಮುಗಿಸುವ ಒಂದು ದಾರಿ, ಮತ್ತು ದರೋಡೆಯನ್ನೇ ಪಾತ್ರವಾಗಿ ಆಡುವ ಬಹಳ ಮಂದಿ ಆ ಮಾತಿಗೆ ಬೆಲೆ ಕೊಡುತ್ತಾರೆ.

ಕರೆಂಟು ಮತ್ತು ಸಂಪರ್ಕ

ನಮ್ಮ ಕಡೆಯ ಆಟಗಾರರಿಗೆ ಈ ಭಾಗ ತುಂಬ ಮುಖ್ಯ. ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ, ಅಂದರೆ ಏಪ್ರಿಲ್ ಮೇ ತಿಂಗಳ ಸಂಜೆ, ಗುಡುಗು ಕೇಳಿಸಿದ ಅರ್ಧ ಗಂಟೆಯೊಳಗೆ ಕರೆಂಟು ಹೋಗುವುದು ಮೈಸೂರಿನ ಬಡಾವಣೆಗಳಲ್ಲೂ ಮಂಡ್ಯದ ಹಳ್ಳಿಗಳಲ್ಲೂ ಹೊಸದಲ್ಲ. ಹೊರದೇಶದ ಎದುರಾಳಿಗೆ ಇದು ಗೊತ್ತಿರುವುದಿಲ್ಲ; ಅವನ ಪಾಲಿಗೆ ನೀವೂ ಪ್ಲಗ್ ಕಿತ್ತವರೇ.

ಮನೆಗೆ ಹಾಕಿಸಿರುವ ಇನ್ವರ್ಟರನ್ನೇ ನಮ್ಮಲ್ಲಿ ಹೆಚ್ಚಿನವರು ಯುಪಿಎಸ್ ಎನ್ನುತ್ತಾರೆ, ಆದರೆ ಎರಡೂ ಒಂದೇ ಅಲ್ಲ. ಸಾಮಾನ್ಯ ಇನ್ವರ್ಟರ್ ಬ್ಯಾಟರಿಗೆ ಹೊರಳುವಾಗ ಉಂಟಾಗುವ ಸಣ್ಣ ತಡವನ್ನು ಫ್ಯಾನು, ದೀಪ ಗಮನಿಸುವುದಿಲ್ಲ. ಕಂಪ್ಯೂಟರ್ ಮಾತ್ರ ಅಷ್ಟಕ್ಕೇ ರೀಸ್ಟಾರ್ಟ್ ಆಗಬಹುದು. ನಿಮ್ಮ ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ, ಇದ್ದರೆ ಅದನ್ನು ಹಾಕಿಡಿ. ಕಂಪ್ಯೂಟರಿಗೆಂದೇ ಬೇರೆ ಯುಪಿಎಸ್ ಕೊಳ್ಳುವುದಾದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ 600 ವಿಎ ಮಾದರಿಗಳು ಸಾಮಾನ್ಯವಾಗಿ 360 ವಾಟ್ ಮಾತ್ರ ಕೊಡುತ್ತವೆ ಎಂಬುದು ನೆನಪಿರಲಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್, ಮಾನಿಟರ್ ಎರಡೂ ಸೇರಿ ಕಾಳಗದ ಹೊತ್ತಿನಲ್ಲಿ ಅದನ್ನು ಮೀರಬಹುದು. ಮೀರಿದರೆ ಕರೆಂಟು ಹೋದ ಕ್ಷಣವೇ ಯುಪಿಎಸ್ ಕೂಡ ಕೈಬಿಡುತ್ತದೆ. ಒಂದು ಮೆಟ್ಟಿಲು ಮೇಲಿನದನ್ನೇ ತೆಗೆದುಕೊಳ್ಳಿ. ಐದು ನಿಮಿಷ ಸಿಕ್ಕರೂ ಸಾಕು, ಒಂದು ಜಂಪ್‌ಗೆ ಅದು ಧಾರಾಳ. ರೂಟರಿಗೂ ಫೈಬರ್ ಪೆಟ್ಟಿಗೆಗೂ 12 ವೋಲ್ಟಿನ ಚಿಕ್ಕ ಯುಪಿಎಸ್ ಬೇರೆಯಾಗಿ ಸಿಗುತ್ತದೆ; ಕಂಪ್ಯೂಟರ್ ಉಳಿದು ರೂಟರ್ ಸತ್ತರೂ ಎದುರಾಳಿಗೆ ಕಾಣುವುದು ಅದೇ ಮೌನ.

ವೈಫೈ ಬಿಟ್ಟು ತಂತಿಯ ಮೂಲಕ ರೂಟರಿಗೆ ಜೋಡಿಸಿಕೊಳ್ಳಿ. ಮೊಬೈಲ್ ಹಾಟ್‌ಸ್ಪಾಟನ್ನು ಬದಲಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದೇ, ಆದರೆ ನಡುವೆ ಅದಕ್ಕೆ ಹೊರಳಿದರೆ ನಡೆಯುತ್ತಿರುವ ಕಾಳಗ ಉಳಿಯುವುದಿಲ್ಲ, ಏಕೆಂದರೆ ಜಾಲದಲ್ಲಿ ನಿಮ್ಮ ವಿಳಾಸವೇ ಬದಲಾಗಿರುತ್ತದೆ. ಬೇಗ ಮರಳಿ ಬಂದು ಎದುರಾಳಿಗೆ ಬರೆಯಲು ಮಾತ್ರ ಅದು ನೆರವಾಗುತ್ತದೆ. ವಿಳಂಬದ ಬಗ್ಗೆಯೂ ಒಂದು ಮಾತು. ಈವ್‌ನ ಸರ್ವರ್ ಇರುವ ಲಂಡನ್ನಿಗೆ ಮೈಸೂರಿನಿಂದ ಸುಮಾರು 8,000 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ ನೇರ ದಾರಿಯಿದ್ದರೂ ಹೋಗಿ ಬರಲು 80 ಮಿಲಿಸೆಕೆಂಡು ಬೇಕೇ ಬೇಕು, ಕೇಬಲ್ಲುಗಳ ಸುತ್ತುದಾರಿಯಲ್ಲಿ ಇನ್ನೂ ಹೆಚ್ಚು. ಇದು ಯಾರ ತಪ್ಪೂ ಅಲ್ಲ. ಆದರೆ ಸೋತಾಗಲೆಲ್ಲ ‘ಲ್ಯಾಗ್’ ಎಂದು ದೂರುವ ಚಾಳಿಯನ್ನು ಬೆಳೆಸಿಕೊಳ್ಳಬಾರದು.

ಎರಡು ವರ್ಷದ ಹಿಂದೆ ಅಂಥ ಒಂದು ಮಳೆಯ ಸಂಜೆ ನನಗೇ ಹೀಗಾಯಿತು. ಯುರೋಪಿನ ಆಟಗಾರನೊಬ್ಬನೊಡನೆ ಕಾಳಗ ನಡೆದು, ನನ್ನ ಶೀಲ್ಡ್ ಹೋಗಿ, ಹಲ್ ಅರ್ಧಕ್ಕಿಂತ ಕೆಳಗಿಳಿದಿದ್ದಾಗ ಮನೆಯೆಲ್ಲ ಕತ್ತಲಾಯಿತು. ಆಗ ನನ್ನ ಬಳಿ ಯುಪಿಎಸ್ ಇರಲಿಲ್ಲ. ನಲವತ್ತು ನಿಮಿಷದ ನಂತರ ಕರೆಂಟು ಬಂದಾಗ ಮೊದಲು ಮಾಡಿದ ಕೆಲಸವೆಂದರೆ, ಇತ್ತೀಚೆಗೆ ಎದುರಾದವರ ಪಟ್ಟಿಯಲ್ಲಿ ಅವನ ಹೆಸರು ಹುಡುಕಿ ಬರೆದದ್ದು: ಇಲ್ಲಿ ವಿದ್ಯುತ್ ಹೋಗಿತ್ತು, ಆ ಕಾಳಗವನ್ನು ನೀವು ಗೆದ್ದಿರಿ, ಬೇಕಾದರೆ ಅದೇ ಜಾಗಕ್ಕೆ ಬಂದು ನಿಲ್ಲುತ್ತೇನೆ. ಅವನು ನಂಬಲಿಲ್ಲ, ಕಟುವಾಗಿಯೇ ಉತ್ತರಿಸಿದ. ನಂಬುವಂತೆ ಮಾಡಲು ನಾನು ವಾದಿಸಲಿಲ್ಲ. ಇಂಥ ಸಂದರ್ಭದಲ್ಲಿ ಒಂದು ಸಲ ನಿಜ ಹೇಳಿ, ಸೋಲನ್ನು ಒಪ್ಪಿ, ಮರಳಿ ಬರುವ ಮಾತು ಕೊಟ್ಟು ಸುಮ್ಮನಾಗಬೇಕು. ಅವನ ಜಾಗದಲ್ಲಿ ನಾನಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲವೇನೋ.

ಎದುರಾಳಿ ಮಾಯವಾದಾಗ

‘ಅಣ್ಣಾ, ಅವ್ನು ಪ್ಲಗ್ ಕಿತ್ತಾಕ್ಬುಟ್ಟ ಕಣಣ್ಣ!’ ಎಂದು ಮಂಡ್ಯದ ಹುಡುಗನೊಬ್ಬ ವಾಯ್ಸ್ ಚಾಟಿನಲ್ಲಿ ಕೂಗಿದಾಗಲೆಲ್ಲ ನಾವು ಕೇಳುವುದು ಒಂದೇ: ‘ವೀಡಿಯೊ ಇದೆಯೇನಪ್ಪಾ?’ ನೌಕೆ ಕಣ್ಮರೆಯಾಗಲು ಹಲವು ಕಾರಣಗಳಿವೆ. ಅವನು ಜಂಪ್ ಮಾಡಿದ್ದರೆ ಜಾಡು ಉಳಿದಿರುತ್ತದೆ, ಮೊದಲು ಅದನ್ನು ನೋಡಿ. 15 ಸೆಕೆಂಡು ಕಾದು ಮೆನುವಿನಿಂದ ಹೋಗಿರಬಹುದು; ಕೊನೆಯ ಹೊತ್ತಿನಲ್ಲಿ ಅವನ ನೌಕೆ ತಿರುಗದೆ, ಗುಂಡು ಹಾರಿಸದೆ ಸುಮ್ಮನೆ ತೇಲುತ್ತಿತ್ತೇ ಎಂಬುದನ್ನು ನೆನಪಿಸಿಕೊಳ್ಳಿ. ಅವನೊಬ್ಬನೇ ಅಲ್ಲದೆ ಜೊತೆಗಿದ್ದ ಎಲ್ಲರೂ ಒಮ್ಮೆಗೇ ಕಾಣದಾದರೆ ಕಡಿದದ್ದು ನಿಮ್ಮದೇ ಸಂಪರ್ಕ. ನಿಮಗೆ ಕಾಣದವನು ನಿಮ್ಮ ಜೊತೆಗಾರನಿಗೆ ಇನ್ನೂ ಕಾಣುತ್ತಿದ್ದರೆ, ಇನ್‌ಸ್ಟನ್ಸ್ ಒಡೆದು ನೀವಿಬ್ಬರೂ ಬೇರೆಬೇರೆ ಕಡೆ ಬಿದ್ದಿದ್ದೀರಿ. ಅದರಲ್ಲಿ ಅವನ ಕೈವಾಡವಿಲ್ಲ. ಇವೆಲ್ಲ ಅಲ್ಲವೆಂದಾದ ಮೇಲೆ ಉಳಿಯುವುದು ಸಂಪರ್ಕ ಕಡಿತ. ಅದು ಬೇಕೆಂದು ಆದದ್ದೋ ಅಲ್ಲವೋ ಎಂಬುದು ಒಂದೇ ಘಟನೆಯಿಂದ ತಿಳಿಯುವುದಿಲ್ಲ.

ಆಡುವಾಗಲೆಲ್ಲ ಪರದೆಯನ್ನು ಚಿತ್ರಿಸಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಉಚಿತವಾಗಿ ಸಿಗುವ ಒಬಿಎಸ್ ತಂತ್ರಾಂಶದ ರಿಪ್ಲೇ ಬಫರ್ ಕಳೆದ ಕೆಲವು ನಿಮಿಷಗಳನ್ನು ಮಾತ್ರ ನೆನಪಿಟ್ಟುಕೊಂಡು, ನೀವು ಹೇಳಿದಾಗ ಉಳಿಸುತ್ತದೆ. ವಿಂಡೋಸ್‌ನ ಗೇಮ್ ಬಾರ್‌ನಲ್ಲೂ ಹಿಂದಿನ ಕ್ಷಣಗಳನ್ನು ದಾಖಲಿಸುವ ವ್ಯವಸ್ಥೆಯನ್ನು ಮೊದಲೇ ಚಾಲೂ ಮಾಡಿಟ್ಟರೆ ವಿಂಡೋಸ್, ಆಲ್ಟ್, ಜಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಕೊನೆಯ ತುಣುಕನ್ನು ಉಳಿಸಬಹುದು. ಶೀಲ್ಡ್ ಇದ್ದಾಗಿನಿಂದ ನೌಕೆ ಮಾಯವಾಗುವವರೆಗಿನ ಭಾಗ ಅದರಲ್ಲಿರಲಿ, ದಿನಾಂಕ ಮತ್ತು ಸಮಯವನ್ನು ಬರೆದಿಡಿ, ಆಟದ ಕಂಪನಿಯ ಸಹಾಯ ವಿಭಾಗಕ್ಕೆ ಕಳಿಸಿ. ಕಂಪನಿಗೆ ಆ ಖಾತೆಯ ಹಿಂದಿನ ದಾಖಲೆ ಕಾಣುತ್ತದೆ, ನಿಮಗೆ ಕಾಣುವುದಿಲ್ಲ. ಅವನ ಹೆಸರನ್ನು ಎಲ್ಲರ ಮುಂದೆ ಎಳೆದಾಡುವುದನ್ನು ನಮ್ಮ ಬಳಗದಲ್ಲಿ ನಿಷೇಧಿಸಿದ್ದೇವೆ. ಹಾಗೆ ನಾವು ಹೆಸರು ಎಳೆದಾಡಿದ್ದ ಇಬ್ಬರಲ್ಲಿ ಒಬ್ಬನ ಮನೆಯಲ್ಲಿ ಆ ಹೊತ್ತು ನಿಜವಾಗಿಯೂ ಕರೆಂಟು ಹೋಗಿತ್ತು ಎಂದು ತಿಳಿದ ದಿನ ಈ ನಿರ್ಧಾರ ಮಾಡಿದೆವು.

ದಾಳಿ ಮಾಡುವವರಿಗೂ ಹೊಣೆಯಿದೆ. ನಾಲ್ಕು ಮಂದಿ ಸೇರಿ ಆಟಕ್ಕೆ ಬಂದ ಮೂರನೆಯ ದಿನದ ಹುಡುಗನ ಚಿಕ್ಕ ನೌಕೆಯನ್ನು ಅಟ್ಟಾಡಿಸಿ ಒಡೆಯುವುದನ್ನು ನಿಯಮ ತಡೆಯುವುದಿಲ್ಲ. ಆದರೆ ಪ್ಲಗ್ ಕೀಳುವುದನ್ನು ಅವನಿಗೆ ಕಲಿಸಿದವರು ಆ ನಾಲ್ವರೇ ಎಂದು ನಾನು ನಂಬಿದ್ದೇನೆ. ಓಡಲು ಜಾಗ ಬಿಡಿ. ಸೋತವನನ್ನು ಹೀಯಾಳಿಸಬೇಡಿ. ಗೆದ್ದರೂ ಸೋತರೂ ಇಂಗ್ಲಿಷಿನ ಸಣ್ಣ ‘ಓ’ ಅಕ್ಷರದ ಪಕ್ಕ 7ರ ಅಂಕಿ ಒತ್ತುವ ರೂಢಿ ಎಲೀಟ್, ಈವ್ ಎರಡರಲ್ಲೂ ಇದೆ. ತಲೆಯ ಪಕ್ಕ ಕೈಯೆತ್ತಿ ವಂದಿಸುವ ಆಳಿನಂತೆ ಅದು ಕಾಣುತ್ತದೆ. ಕುಸ್ತಿ ಮುಗಿದ ಮೇಲೆ ಕೈಕುಲುಕುವಂತೆ ಅದನ್ನು ತಪ್ಪದೆ ಮಾಡಿ.

ಒಪ್ಪಿ ಆಡುವ ದ್ವಂದ್ವಗಳಲ್ಲಿ ಎಲ್ಲವನ್ನೂ ಮೊದಲೇ ಬರೆದು ಮಾತಾಡಿಕೊಳ್ಳಿ. ಶೀಲ್ಡ್ ಹೋದರೆ ಮುಗಿಯಿತೇ, ಹಲ್ ಅರ್ಧಕ್ಕಿಳಿದರೆ ಮುಗಿಯಿತೇ, ಅಥವಾ ಸಿಡಿಯುವವರೆಗೇ? ಶೀಲ್ಡನ್ನು ಮತ್ತೆ ತುಂಬಿಸುವ ಶೀಲ್ಡ್ ಸೆಲ್ ಬ್ಯಾಂಕ್ ಬಳಸಬಹುದೇ? ಇಬ್ಬರಲ್ಲೊಬ್ಬರ ಸಂಪರ್ಕ ಕಡಿದರೆ ಏನು? ನಮ್ಮ ಬಳಗದ ಕಟ್ಟಳೆ ಹೀಗಿದೆ: ಮೊದಲ ಸಲ ಕಡಿದರೆ ಇಬ್ಬರೂ ಶೀಲ್ಡ್ ತುಂಬಿಕೊಂಡು ಹೊಸದಾಗಿ ಆಡುವುದು, ಅದೇ ರಾತ್ರಿ ಮತ್ತೆ ಕಡಿದರೆ ಕಡಿದವನು ಸೋತಂತೆ, ಕಾರಣ ಏನೇ ಇರಲಿ. ಕರೆಂಟು ಹೋದವನಿಗೆ ಇದು ಕಠಿಣವೇ ಸರಿ. ಆದರೆ ಕಾರಣ ಕೇಳಲು ಹೊರಟರೆ ಪ್ರತಿ ಕಾಳಗವೂ ಪಂಚಾಯಿತಿಯಾಗುತ್ತದೆ.

ತಕ್ಷಣ ಎದ್ದುಹೋಗಲೇಬೇಕಾದ ಸಂದರ್ಭಗಳೂ ಇವೆ. ಮಗು ಬಿದ್ದು ಅಳುತ್ತಿದ್ದರೆ, ಒಲೆಯ ಮೇಲೆ ಏನೋ ಹತ್ತಿಕೊಂಡಿದ್ದರೆ, ಹಿರಿಯರಿಗೆ ಮೈಯಲ್ಲಿ ಹುಷಾರು ತಪ್ಪಿದ್ದರೆ ನೌಕೆ ಏನಾದರೂ ಆಗಲಿ, ಏಳಿ. ಆಗಲೂ ಆಟವನ್ನು ಮುಚ್ಚುವ ಅಗತ್ಯವಿಲ್ಲ. ಹಾಗೇ ಬಿಟ್ಟು ಹೋದರೆ ಎದುರಾಳಿ ತನ್ನ ಕಾಳಗ ಮುಗಿಸಿಕೊಳ್ಳುತ್ತಾನೆ, ರೀಬೈ ಆಮೇಲೆ ಕಟ್ಟಬಹುದು. ಎದುರಾಳಿ ಬೆದರಿಕೆ ಹಾಕಿದರೆ, ಜಾತಿ ಧರ್ಮ ಹಿಡಿದು ಬೈದರೆ ಅದು ಕಾಳಗದ ಮಾತಲ್ಲ. ಅದನ್ನು ದಾಖಲಿಸಿ, ಅವನನ್ನು ಬ್ಲಾಕ್ ಮಾಡಿ, ದೂರು ಕೊಡಿ.

ರೀಬೈ ಪರದೆ ಬಂದಾಗ ಮತ್ತೆ ನೌಕೆ ಕೊಂಡು ಕೂಡಲೇ ಸೇಡಿಗೆ ಹೊರಡಬೇಡಿ. ಚಿತ್ರಿಸಿಕೊಂಡದ್ದನ್ನು ಒಮ್ಮೆ ನೋಡಿ. ಪಿಪ್‌ಗಳು ಎಲ್ಲಿದ್ದವು, ಬೂಸ್ಟ್ ಯಾವಾಗ ತಡವಾಯಿತು, ಜಂಪ್‌ನ ಗುರಿ ಸಿದ್ಧವಿತ್ತೇ ಎಂದು ಹುಡುಕಿ. ನನ್ನನ್ನು ನಂಬದ ಆ ಯುರೋಪಿನ ಆಟಗಾರ ಮೂರು ವಾರದ ನಂತರ ತಾನಾಗಿಯೇ ಬರೆದು ಒಂದು ಭಾನುವಾರ ಕರೆದ. ಅಷ್ಟರಲ್ಲಿ ನಾನು 1,000 ವಿಎ ಯುಪಿಎಸ್ ತಂದಿದ್ದೆ. ಅದೇ ಮಂಡಲದಲ್ಲಿ, ತುಂಬಿದ ಶೀಲ್ಡಿನೊಡನೆ ಮೊದಲಿನಿಂದ ಆಡಿದೆವು. ಒಂಬತ್ತು ನಿಮಿಷಕ್ಕೆ ನನ್ನ ನೌಕೆ ಸಿಡಿಯಿತು, ನಾನು ರೀಬೈ ಕಟ್ಟಿದೆ, ಅವನು ವಂದಿಸಿದ.